ಕುಸನೂರಿನ ಸತ್ಯಾಗ್ರಹವೂ ನಮ್ಮ ಗಾಯರಾಣಗಳೂ

ಕುಂದಗೋಳ ತಾಲೂಕಿನ ಗುಡಗೇರಿಯ ಸುತ್ತಣ ಎರೆಯ ಸೀಮೆಯಲ್ಲಿ ಹತ್ತಿ, ಮೆಣಸಿನಕಾಯಿ, ಕಡಲೆ, ಬಿಳಿಜೋಳಗಳು ಬೆಳೆಯುವ ಹೊಲಗಳಿಗೆ ಒಡೆಯರುಂಟು, ಪಹಣಿಯುಂಟು, ಅನ್ಯಾಯವಾದರೆ ದಾವೆ ಹೂಡಬಲ್ಲ ವಾರಸುದಾರರೂ ಉಂಟು. ಆದರೆ ಊರ ದನಕರು ಮೇಯುವ ಗಾಯರಾಣಕ್ಕೂ, ಹಳ್ಳದ ದಂಡೆಗೂ, ಕೆರೆಯ ಅಂಗಳಕ್ಕೂ ಊರಿಗೆ ಊರೇ ಒಡೆಯನಾದುದರಿಂದ, ಅವು ಕೈಬಿಟ್ಟುಹೋಗುವ ಹೊತ್ತಿಗೆ ತಕರಾರು ಸಲ್ಲಿಸುವವರೇ ಇಲ್ಲದಂತಾಗುತ್ತದೆ. ಇಂತಹ ಭೂಮಿಯ ವಿನಿಯೋಗವನ್ನು, ಉದ್ದೇಶವು ಎಷ್ಟೇ ಉದಾತ್ತವಾಗಿರಲಿ, ಗ್ರಾಮಸಭೆಯ ಸಮ್ಮತಿಯಿಲ್ಲದೆ ನಿರ್ಣಯಿಸತಕ್ಕದ್ದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಆಧಾರವನ್ನು ದೂರದ ದೇಶಗಳಲ್ಲಿ ಅರಸಬೇಕಾಗಿಲ್ಲ.

1984ರಲ್ಲಿ ರಾಜ್ಯ ಸರ್ಕಾರವು ಹರಿಹರ ಪಾಲಿಫೈಬರ್ಸ್ ಸಂಸ್ಥೆಯೊಡಗೂಡಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿ, ಕೃತಕ ನೂಲಿಗೆ ಬೇಕಾದ ತಿರುಳಿಗಾಗಿ ನೀಲಗಿರಿ ಬೆಳೆಸಲೆಂದು, ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿನ ಸುಮಾರು 75,000 ಎಕರೆ ಸಾಮುದಾಯಿಕ ಭೂಮಿಯನ್ನು ಅದರ ವಶಕ್ಕೆ ಕೊಡಲು ಮುಂದಾಯಿತು. ಸರ್ಕಾರದ ಕಡತಗಳಲ್ಲಿ ಅದು ನಿರುಪಯುಕ್ತ ಭೂಮಿ. ಹುಲ್ಲು, ಸೌದೆ, ಸೊಪ್ಪುಗಳಿಗಾಗಿ ನಿತ್ಯವೂ ಅಲ್ಲಿಗೆ ಹೋಗುತ್ತಿದ್ದ ಹೆಂಗಸರಿಗೆ, ಸ್ವಂತ ಹೊಲವಿಲ್ಲದ ಕುರುಬನಿಗೆ, ಎರಡು ಎಮ್ಮೆಗಳ ಹಾಲಿನ ಮೇಲೆ ಸಂಸಾರ ನಡೆಸುತ್ತಿದ್ದ ವಿಧವೆಗೆ ಅದೇ ಸರ್ವಸ್ವ. ಇವರಲ್ಲಿ ಒಬ್ಬರನ್ನೂ ಯಾರೂ ಕೇಳಲಿಲ್ಲ.

ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಊರೂರು ತಿರುಗಿ ಜನರನ್ನು ಎಚ್ಚರಿಸಿತು. ಇಳಿವಯಸ್ಸಿನ ಶಿವರಾಮ ಕಾರಂತರು 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿದಾರರಲ್ಲೊಬ್ಬರಾದರು. ಮರುವರ್ಷ ತಡೆಯಾಜ್ಞೆಯೂ ದೊರೆಯಿತು. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು 1987ರ ನವೆಂಬರ್ 14ರಂದು, ಆಗ ನಮ್ಮ ಅವಿಭಕ್ತ ಧಾರವಾಡ ಜಿಲ್ಲೆಗೇ ಸೇರಿದ್ದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ನಡೆದ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹದ ಮೇಲೆ. ಕಂಪನಿಯ ನೀಲಗಿರಿ ಸಸಿಗಳನ್ನು ಕಿತ್ತಷ್ಟಕ್ಕೇ ಜನರು ಹಿಂದಿರುಗಿದ್ದರೆ ಅದೊಂದು ಆಕ್ರೋಶದ ಪ್ರದರ್ಶನವಾಗಿ ಮುಗಿಯುತ್ತಿತ್ತು. ಅವರು ಕಿತ್ತ ನೆಲದಲ್ಲಿಯೇ ತಮಗೂ ತಮ್ಮ ದನಗಳಿಗೂ ಉಪಯುಕ್ತವಾದ ಗಿಡಗಳನ್ನು ಹಚ್ಚಿದರು. ಬೇಡವೆನ್ನುವ ಹಕ್ಕಿನೊಡನೆ ಏನು ಬೇಕೆಂದು ನಿರ್ಧರಿಸುವ ಹೊಣೆಯನ್ನೂ ಅಂದು ಅವರು ಹೊತ್ತರು. 1991ರಲ್ಲಿ ಆ ಕಂಪನಿ ಮುಚ್ಚಿತು.

2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ಭೂಸ್ವಾಧೀನ ಹೊರಟಾಗ, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ರೈತರು ಎದ್ದುನಿಂತು, ಸರ್ಕಾರವು ಹಿಂದೆಗೆಯುವಂತೆ ಮಾಡಿದರು. ಅಲ್ಲಿ ಹೊಲಗಳಿಗೆ ಒಡೆಯರಿದ್ದರು. ಗಾಯರಾಣದ ಪರವಾಗಿ ನಿಲ್ಲುವುದು ಅದಕ್ಕಿಂತಲೂ ಕಠಿನ.

ಶಾಲೆಗೆ, ಆಸ್ಪತ್ರೆಗೆ, ಮನೆಯಿಲ್ಲದವರ ನಿವೇಶನಕ್ಕೆ ಜಾಗ ಬೇಡವೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಬೇಕು, ಮತ್ತು ತನ್ನ ಬಡವರಿಗೆ ಸೂರು ಕಟ್ಟಲು ಜಾಗ ಬಿಟ್ಟುಕೊಡುವ ಔದಾರ್ಯ ನಮ್ಮ ಹಳ್ಳಿಗಳಲ್ಲಿ ಇಲ್ಲವೆಂದು ನಾನು ನಂಬಲಾರೆ. ಆದರೆ ಕೊಡುವವನು ಊರಾಗಿರಬೇಕಲ್ಲದೆ, ಊರಿಗೆ ತಿಳಿಯದಂತೆ ಸಹಿಮಾಡಿದ ಕಚೇರಿಯಾಗಿರಬಾರದು. ರಾಜ್ಯದ 1966ರ ಭೂಕಂದಾಯ ನಿಯಮಗಳೇ 100 ಜಾನುವಾರುಗಳಿಗೆ 30 ಎಕರೆಯಂತೆ ಗೋಮಾಳವನ್ನು ಕಾಯ್ದಿರಿಸಬೇಕೆಂದು ವಿಧಿಸಿರುವಾಗ, ಯಾವ ಊರಿನಲ್ಲಿ ಎಷ್ಟು ದನಗಳಿವೆ, ಎಷ್ಟು ಎಕರೆ ಉಳಿದಿದೆ ಎಂಬುದನ್ನು ಬಹಿರಂಗವಾಗಿ ಲೆಕ್ಕ ಹಾಕದೆ ಒಂದು ಗುಂಟೆಯನ್ನೂ ಬೇರೆಯವರಿಗೆ ಮಂಜೂರು ಮಾಡುವುದು ಹೇಗೆ ಸಾಧುವಾದೀತು? ಕುಂದಗೋಳ ತಾಲೂಕಿನ ಪ್ರತಿಯೊಂದು ಪಂಚಾಯತಿಯೂ ತನ್ನ ಎಲ್ಲೆಯಲ್ಲಿರುವ ಸಾಮಾನ್ಯ ಭೂಮಿಗಳ ಸರ್ವೆ ನಂಬರುಗಳನ್ನು ಗೋಡೆಯ ಮೇಲೆ ಬರೆಯಿಸಲಿ. ಅವುಗಳನ್ನು ಅಳೆಯಿಸಿ, ಒತ್ತುವರಿಯಾದದ್ದು ಎಷ್ಟೆಂಬುದನ್ನು ಮುಂಬರುವ ಗ್ರಾಮಸಭೆಯಲ್ಲಿ, ಹೆಂಗಸರೂ ದನಗಾಹಿಗಳೂ ಕುಳಿತಿರುವಾಗ, ಗಟ್ಟಿಯಾಗಿ ಓದಿ ಹೇಳಲಿ.