ಚರಂಡಿಗೆ ಮೂಟೆ, ಟ್ಯಾಂಕಿಗೆ ಚಿಟಿಕೆ

ಬ್ಲೀಚಿಂಗ್ ಪೌಡರನ್ನು ಚರಂಡಿ ಪಕ್ಕ ಚೆಲ್ಲುವುದನ್ನು ಗ್ರಾಮ ಪಂಚಾಯಿತಿಗಳು ಇವತ್ತೇ ನಿಲ್ಲಿಸಬೇಕು. ನಮ್ಮ ಮಂಡ್ಯ ಜಿಲ್ಲೆಯ ಕೆರಗೋಡಿನಿಂದ ಹಿಡಿದು ಮದ್ದೂರು, ಮಳವಳ್ಳಿಯವರೆಗೆ ಯಾವ ಕಡೆ ಹೋದರೂ ಮಳೆಗಾಲ ಶುರುವಾದಾಗ, ಹಬ್ಬದ ಹಿಂದಿನ ದಿನ, ಮೇಲಧಿಕಾರಿಗಳು ಬರುವ ಬೆಳಿಗ್ಗೆ ಬೀದಿಯ ಎರಡೂ ಬದಿಗೆ ಬಿಳಿ ಗೆರೆ ಬಿದ್ದಿರುತ್ತದೆ. ಊರು ಚೊಕ್ಕಟವಾಯಿತು ಎನ್ನುವುದಕ್ಕೆ ಜನ ನೋಡುವುದೂ ಅದನ್ನೇ, ಪಂಚಾಯಿತಿ ತೋರಿಸುವುದೂ ಅದನ್ನೇ. ಆ ಗೆರೆಯಿಂದ ಯಾವ ವಾಂತಿಭೇದಿಯೂ ನಿಲ್ಲುವುದಿಲ್ಲ. ಕಾಯಿಲೆಯನ್ನು ತಡೆಯಬೇಕಾದ ಜಾಗ ಊರಿನ ಓವರ್‌ಹೆಡ್ ಟ್ಯಾಂಕು.

ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ ಅನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಫೆಬ್ರುವರಿಯಲ್ಲಿ ಕೇಂದ್ರ ಬಜೆಟ್ ಹೇಳಿತು, 67 ಸಾವಿರ ಕೋಟಿ ರೂಪಾಯಿ ಎತ್ತಿಟ್ಟಿತು. ಇನ್ನು ಮುಂದೆ ಕಾಮಗಾರಿಯ ಗುಣಮಟ್ಟಕ್ಕೆ, ನಿರ್ವಹಣೆಗೆ ಒತ್ತು ಎಂದೂ ಸೇರಿಸಿತು. ಆದರೆ ಅಂದಿನಿಂದ ನಡೆದಿರುವ ವಾದವೆಲ್ಲ ಎಷ್ಟು ಮನೆಗೆ ನಲ್ಲಿ ಬಂತು, ಗುತ್ತಿಗೆದಾರರಿಗೆ ಬಾಕಿ ಎಷ್ಟು, ಅಗೆದ ರಸ್ತೆ ಮುಚ್ಚಿದರೋ ಇಲ್ಲವೋ ಎಂಬುದರ ಸುತ್ತಲೇ. ನಲ್ಲಿಯಿಂದ ಬೀಳುವ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಕೇಳಿದವರು ಕಡಿಮೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಎಂಬುದು ವೈದ್ಯಕೀಯ ವಿದ್ಯಾರ್ಥಿಗಳು ಓದುವ ಅಂದಾಜು. ತಿಳಿ ನೀರಿಗೆ, ಮೂರನೇ ಒಂದು ಪಾಲು ಕ್ಲೋರಿನ್ ಇರುವ ಒಳ್ಳೆಯ ಪುಡಿಗೆ ಈ ಮಾತು. ಹಾಗಾದರೆ 50 ಸಾವಿರ ಲೀಟರ್ ಟ್ಯಾಂಕಿಗೆ ಬೇಕಾದದ್ದು 125 ಗ್ರಾಂ. ಮಿಷನ್ ಹೇಳುವಂತೆ ತಲೆಗೆ ದಿನಕ್ಕೆ 55 ಲೀಟರ್ ಕೊಟ್ಟರೆ ಆ ಟ್ಯಾಂಕು 900 ಜನರಿಗೆ ಸಾಕು. ಪಂಚಾಯಿತಿಗೆ ಬಂದಿಳಿಯುವ ಮೂಟೆ 25 ಕೆ.ಜಿ.ಯದು. ಅಂದರೆ ಬೆಳಿಗ್ಗೆ ಒಂದು ಗಂಟೆಯೊಳಗೆ ಚರಂಡಿ ಬದಿಗೆ ಸುರಿದು ಮುಗಿಸುವ ಒಂದು ಮೂಟೆ, 900 ಜನರ ಇನ್ನೂರು ದಿನದ ಕುಡಿಯುವ ನೀರಿನ ಕಾವಲು. ಈ 200 ಎಂಬ ಸಂಖ್ಯೆ ಯಾವ ಪ್ರಗತಿ ಪರಿಶೀಲನಾ ಸಭೆಯಲ್ಲೂ ಬರುವುದಿಲ್ಲ. ಅಲ್ಲಿ ಬರುವುದು ಎಷ್ಟು ಮೂಟೆ ಖರೀದಿಯಾಯಿತು ಎಂಬುದು ಮಾತ್ರ.

ಚೆಲ್ಲಿ ಮಿಕ್ಕ ಪುಡಿಯ ಗತಿಯೇನು? ಪಂಪ್‌ಹೌಸಿನ ಬಾಗಿಲು ತೆಗೆದರೆ ಮೂಗಿಗೆ ಘಾಟು ಹೊಡೆಯುತ್ತದೆ. ಮೂಲೆಯಲ್ಲಿ ಬಾಯಿ ಬಿಚ್ಚಿದ ಮೂಟೆ, ಮೇಲಿನ ಪುಡಿ ತೇವ ಕುಡಿದು ಹೆಂಟೆಗಟ್ಟಿರುತ್ತದೆ, ಪಕ್ಕದ ಸ್ಟಾರ್ಟರ್ ಪೆಟ್ಟಿಗೆಯ ತಿರುಪುಗಳು ತುಕ್ಕು ಹಿಡಿದು ಉದುರುತ್ತಿರುತ್ತವೆ. ಆ ಘಾಟೂ ಆ ತುಕ್ಕೂ ಮೂಟೆಯಿಂದ ತಪ್ಪಿಸಿಕೊಂಡು ಹೋದ ಕ್ಲೋರಿನ್ನಿನದು. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಪುಡಿಯಲ್ಲಿ ಶೇ 34ರಷ್ಟು ಕ್ಲೋರಿನ್ ಇರಬೇಕು. ಗಾಳಿ, ಬಿಸಿಲು, ತೇವಕ್ಕೆ ಬಿಟ್ಟ ಮೂಟೆಯಲ್ಲಿ ಅದು ದಿನದಿನಕ್ಕೆ ಇಳಿಯುತ್ತದೆ. ಶೇ 10ಕ್ಕೆ ಇಳಿದ ಪುಡಿಯಾದರೆ ಅದೇ ಟ್ಯಾಂಕಿಗೆ 400 ಗ್ರಾಮಿಗೂ ಹೆಚ್ಚು ಬೇಕು. ನೀರುಗಂಟಿ ಹಳೆಯ ಅಳತೆಯಲ್ಲೇ 125 ಗ್ರಾಂ ಹಾಕಿದನೆನ್ನಿ, ಲೀಟರಿಗೆ ಕಾಲು ಮಿಲಿಗ್ರಾಂ ಆಯಿತು. ಅದನ್ನು ಟ್ಯಾಂಕಿನ ತಳದ ಕೆಸರು, ಪೈಪಿನ ಒಳಗೋಡೆಯ ಪಾಚಿಯೇ ತಿಂದುಹಾಕುತ್ತವೆ.

ಹಾಕುವ ಕ್ರಮವೂ ಸರಿಯಿಲ್ಲ. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮತ್ತಷ್ಟು ನೀರು ಬೆರೆಸಿ, ಸುಣ್ಣ ತಳಕ್ಕೆ ಕೂರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಸುರಿದ ಮೇಲೆ ಕನಿಷ್ಠ ಅರ್ಧ ಗಂಟೆ ವಾಲ್ವ್ ತಿರುಗಿಸಬಾರದು. ಕರೆಂಟು ಬರುವ ಹೊತ್ತಿಗೆ ಮೋಟರ್ ಹಾಕಿ, ಟ್ಯಾಂಕು ತುಂಬುವಷ್ಟರಲ್ಲೇ ನೀರು ಬಿಡಿ ಎಂದು ನಾಲ್ಕು ಬೀದಿಯಿಂದ ಫೋನ್ ಬಂದರೆ ನೀರುಗಂಟಿ ತಾನೇ ಏನು ಮಾಡಿಯಾನು? ಒಣ ಪುಡಿಯನ್ನು ಬೊಗಸೆಯಲ್ಲಿ ಎರಚಿ ಇಳಿದುಬರುತ್ತಾನೆ. ಕೈಗೆ ಗವಸಿಲ್ಲ, ತೂಗಲು ತಕ್ಕಡಿಯಿಲ್ಲ, ಏಣಿಯ ಮೆಟ್ಟಿಲು ಎಷ್ಟೋ ಕಡೆ ಅಲುಗಾಡುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ.

ಕುಡಿಯುವ ನೀರಿನ ಮಾನಕ ಐಎಸ್ 10500 ಕೇಳುವುದು ಇಷ್ಟೇ: ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ನೀರಿನಲ್ಲಿ ಉಳಿದಿರಬೇಕು. ವೈರಸ್ ಕಾಯಿಲೆಯ ಭಯವಿದ್ದಾಗ 0.5. ಎಷ್ಟು ಹಾಕಿದಿರಿ ಎನ್ನುವುದಲ್ಲ, ಎಷ್ಟು ಉಳಿಯಿತು ಎನ್ನುವುದು ಪ್ರಶ್ನೆ. ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕವಿದೆ, ಏಕೆಂದರೆ ನೀರು ಟ್ಯಾಂಕಿನಲ್ಲಿ ಕೆಡುವುದಕ್ಕಿಂತ ದಾರಿಯಲ್ಲಿ ಕೆಡುವುದೇ ಜಾಸ್ತಿ. ಪೈಪು ಚರಂಡಿಯ ಪಕ್ಕದಲ್ಲೋ ಒಳಗೋ ಹಾದುಹೋಗಿರುತ್ತದೆ. ವಾಲ್ವ್ ಗುಂಡಿಯಲ್ಲಿ ಕೊಚ್ಚೆ ನಿಂತಿರುತ್ತದೆ. ನೀರು ಬರುವುದು ದಿನದಲ್ಲಿ ಒಂದೆರಡು ಗಂಟೆ. ನಿಂತೊಡನೆ ಪೈಪಿನೊಳಗಿನ ಒತ್ತಡ ಕುಸಿದು, ಸೀಳಿದ ಜಾಯಿಂಟಿನಿಂದ ಹೊರಗಿನ ಕೊಳೆ ಒಳಗೆ ಸೇರುತ್ತದೆ. ಅದರ ಮೇಲೆ ನಲ್ಲಿಗೇ ಮೋಟರ್ ಹಾಕಿ ಎಳೆಯುವ ಮನೆಗಳು ಬೇರೆ. ಈ ಹಾದಿಯುದ್ದಕ್ಕೂ ನೀರಿನ ಜೊತೆ ಹೋಗಿ ಕಾಯಬಲ್ಲದ್ದು ಆ 0.2 ಒಂದೇ. ದೊಡ್ಡ ಪ್ರಮಾಣದಲ್ಲಿ ಕೊಚ್ಚೆ ನುಗ್ಗಿದರೆ ಅದೂ ಸೋಲುತ್ತದೆ, ನಿಜ. ಆದರೆ ಸೋಲುವಾಗ ಸುಳಿವು ಕೊಟ್ಟೇ ಸೋಲುತ್ತದೆ. ನಿನ್ನೆ 0.3 ಇದ್ದ ಬೀದಿಯಲ್ಲಿ ಇವತ್ತು ಸೊನ್ನೆ ಬಂದರೆ ಪೈಪು ಎಲ್ಲೋ ಒಡೆದಿದೆ, ಇಲ್ಲವೇ ಟ್ಯಾಂಕಿಗೆ ಪುಡಿ ಸರಿಯಾಗಿ ಬಿದ್ದಿಲ್ಲ ಎಂದು ಅರ್ಥ. ಮೊದಲ ರೋಗಿ ಆಸ್ಪತ್ರೆಗೆ ಹೋಗುವ ಮುನ್ನವೇ ಗೊತ್ತಾಗುವ ಸಂಗತಿ ಇದು.

2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಜನ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. 2024ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಮೈಸೂರಿನ ಕೆ. ಸಾಲುಂಡಿ. ಪ್ರತಿ ಸಲವೂ ಸಾವಿನ ನಂತರವೇ ಟ್ಯಾಂಕರ್, ಆರೋಗ್ಯ ಶಿಬಿರ, ಅಮಾನತು, ಮೂಟೆಗಟ್ಟಲೆ ಪುಡಿ. ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣ 1897ರಲ್ಲಿ ಮಾಡಿದ್ದೂ ಇದನ್ನೇ. ಟೈಫಾಯ್ಡ್ ಹಬ್ಬಿದ ಮೇಲೆ ನೀರಿನ ಕೊಳವೆಗಳನ್ನು ಬ್ಲೀಚಿಂಗ್ ಪೌಡರಿನ ದ್ರಾವಣದಿಂದ ತೊಳೆದರು. ಹನ್ನೊಂದು ವರ್ಷದ ನಂತರ, 1908ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಜರ್ಸಿ ಸಿಟಿಗೆ ಹರಿಯುವ ನೀರಿಗೆ ಜಾನ್ ಲೀಲ್ ಎಂಬ ವೈದ್ಯ ಅದೇ ಪುಡಿಯನ್ನು ಪ್ರತಿದಿನ, ಬಿಡದೆ, ಅಳೆದು ಸೇರಿಸತೊಡಗಿದ. ಕುಡಿಯುವ ನೀರಿಗೆ ರಾಸಾಯನಿಕ ಹಾಕುವುದೇ ಎಂದು ಕೋರ್ಟಿನಲ್ಲಿ ದೊಡ್ಡ ಜಗಳವಾಯಿತು, ಕೊನೆಗೆ ಲೀಲ್ ಗೆದ್ದ. ನಾವು 1908ಕ್ಕೆ ಬಂದೇ ಇಲ್ಲ, ಇನ್ನೂ 1897ರಲ್ಲೇ ನಿಂತಿದ್ದೇವೆ.

ಚರಂಡಿಗೆ ಹಾಕಿದರೆ ತಪ್ಪೇನು, ಸೊಳ್ಳೆಯಾದರೂ ಸಾಯುತ್ತದಲ್ಲ ಎನ್ನುವವರಿದ್ದಾರೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಸಿಮೆಂಟ್ ತೊಟ್ಟಿ, ಡ್ರಮ್ಮು, ಟೈರಿನಲ್ಲಿ ನಿಂತ ತಿಳಿ ನೀರಿನಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ವರ್ಷವೂ ಬೀದಿಬೀದಿಗೆ ಗೆರೆ ಎಳೆದದ್ದಾಯಿತು. ಚರಂಡಿಯ ಹೂಳು, ಸಗಣಿ, ಕೊಳೆತ ಎಲೆ ಕ್ಲೋರಿನ್ನನ್ನು ಕ್ಷಣದಲ್ಲಿ ನುಂಗುತ್ತವೆ, ಉಳಿಯುವುದು ಸುಣ್ಣ. ಕೋವಿಡ್ ಕಾಲದಲ್ಲಿ ಬೀದಿಗೆ ಸೋಂಕುನಾಶಕ ಸಿಂಪಡಿಸುವುದು ಕೆಲಸಕ್ಕೆ ಬಾರದ್ದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಅದಕ್ಕೂ ಮೊದಲು ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಕಾರರನ್ನು ನೆಲದ ಮೇಲೆ ಕೂರಿಸಿ ಮೈಮೇಲೆ ಇದೇ ಜಾತಿಯ ದ್ರಾವಣ ಎರಚಿದ್ದನ್ನು ದೇಶವೇ ನೋಡಿದೆ. ಕೆಟ್ಟ ವಾಸನೆಯಿಂದಲೇ ರೋಗ ಬರುತ್ತದೆಂಬ ಹಳೆಯ ನಂಬಿಕೆ ಇನ್ನೂ ಬಿಟ್ಟಿಲ್ಲ.

ಇನ್ನೊಂದು ವಾದ: ಕ್ಲೋರಿನ್ ಹಾಕಿದ ನೀರು ವಾಸನೆ, ಕಾಫಿ ಕೆಡುತ್ತದೆ, ಜನ ಕುಡಿಯುವುದು ಹೇಗಿದ್ದರೂ ಶುದ್ಧ ನೀರಿನ ಘಟಕದ್ದು. ಫ್ಲೋರೈಡು, ನೈಟ್ರೇಟಿಗೆ ಆ ಘಟಕ ಬೇಕೇ ಬೇಕು, ಕ್ಲೋರಿನ್ ಅದಕ್ಕೆ ಮದ್ದಲ್ಲ. ಆದರೆ ಘಟಕದ ನೀರಿನಲ್ಲಿ ಕಾವಲಿಗೆ ಏನೂ ಉಳಿದಿರುವುದಿಲ್ಲ. ನಾಣ್ಯ ಹಾಕಿ ಹಿಡಿದ ನೀರು, ಒಳಗೆ ಕೈ ಹೋಗದಷ್ಟು ಸಣ್ಣ ಬಾಯಿಯ, ತಿಂಗಳುಗಟ್ಟಲೆ ಉಜ್ಜದ ಕ್ಯಾನಿನಲ್ಲಿ ಎರಡು ದಿನ ಇದ್ದರೆ ಮತ್ತೆ ಕೆಡುತ್ತದೆ. ಪಾತ್ರೆ ತೊಳೆಯುವುದಕ್ಕೆ, ಬಾಯಿ ಮುಕ್ಕಳಿಸುವುದಕ್ಕೆ ನಲ್ಲಿಯದೇ ನೀರು ತಾನೇ?

ಮನೆಯಲ್ಲಿ ಇಷ್ಟು ಸಾಕು: ಸಾವಿರ ಲೀಟರ್ ಸಂಪಿಗೆ ಅರ್ಧ ಟೀಚಮಚ ಪುಡಿ, ತಿಳಿ ಮಾಡಿಕೊಂಡು ಹಾಕಿ ಅರ್ಧ ಗಂಟೆ ಬಿಡಿ. ಪಾಯಿಖಾನೆ ತೊಳೆಯುವ ಆ್ಯಸಿಡ್ ಜೊತೆ ಈ ಪುಡಿಯನ್ನು ಎಂದೂ ಸೇರಿಸಬೇಡಿ. ಏಳುವ ಹಳದಿ ಹೊಗೆ ಶ್ವಾಸಕೋಶ ಸುಡುವ ವಿಷಗಾಳಿ.

2024ರ ಜನವರಿಯಲ್ಲಿ ಧ್ವಜಸ್ತಂಭದ ವಿವಾದದಿಂದ ಕೆರಗೋಡು ವಾರಗಟ್ಟಲೆ ರಾಜ್ಯದ ಬಾಯಲ್ಲಿತ್ತು. ಅದರ ಹತ್ತರಲ್ಲೊಂದು ಪಾಲು ಗಮನ ಈ ಹೋಬಳಿಯ ನಲ್ಲಿಗಳಿಗೆ ಸಿಕ್ಕರೂ ಸಾಕು. ಮಿಷನ್ ನಿಯಮದಂತೆ ಹಳ್ಳಿಗೆ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕು, ಪರೀಕ್ಷಾ ಕಿಟ್ ಕೊಡಬೇಕು. ನೀರಿಗೆ ಮಾತ್ರೆ ಹಾಕಿ ಗುಲಾಬಿ ಬಣ್ಣ ಎಷ್ಟು ಗಾಢ ಎಂದು ಪಟ್ಟಿಗೆ ಹೋಲಿಸಿದರೆ ಮುಗಿಯಿತು. ಟ್ಯಾಂಕಿನ ಬುಡದ ನಲ್ಲಿಯಲ್ಲಿ ಅಲ್ಲ, ಕೊನೆಯ ಬೀದಿಯ ಕೊನೆಯ ಮನೆಯಲ್ಲಿ ದಿನವೂ ಇದು ನಡೆಯಲಿ, ಅವರಿಗೆ ಅದಕ್ಕೆ ತಕ್ಕ ಗೌರವಧನ ಸಿಗಲಿ. ಬ್ಲೀಚಿಂಗ್ ಪೌಡರಿನ ಬಿಲ್ ಪಾಸಾಗಲು ಎರಡು ಕಾಗದ ಕಡ್ಡಾಯವಾಗಲಿ: ಮೂಟೆಯಲ್ಲಿ ಕ್ಲೋರಿನ್ ಶೇಕಡ ಎಷ್ಟಿದೆ ಎಂಬ ಪ್ರಯೋಗಾಲಯದ ವರದಿ, ಮತ್ತು ಹಿಂದಿನ ತಿಂಗಳು ಕೊನೆಯ ಮನೆಯಲ್ಲಿ ಸಿಕ್ಕ ಅಳತೆಗಳ ಪಟ್ಟಿ, ಆ ಮಹಿಳೆಯರ ರುಜು ಸಮೇತ.