ಏರ್‌ಗನ್ ಗುಂಡು: ಅಗ್ಗದ ಲೆಕ್ಕದಲ್ಲಿ ಬಿಟ್ಟುಹೋದದ್ದು

ಅಡಿಕೆ ಕೊಯ್ಲಿನ ದಿನಗಳಲ್ಲಿ ಪೇಟೆಗೆ ಹೋಗಿದ್ದಾಗ ಕೃಷಿ ಸಾಮಗ್ರಿ ಮಾರುವ ಅಂಗಡಿಯೊಂದರಲ್ಲಿ ಒಂದು ಮಾತುಕತೆ ಕಿವಿಗೆ ಬಿತ್ತು. ನಮ್ಮದೇ ಊರಿನ ತರುಣನೊಬ್ಬ ಏರ್‌ಗನ್ ಗುಂಡಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು, “ಮೊಬೈಲಲ್ಲಿ ಇದಕ್ಕಿಂತ ಕಡಿಮೆಗೆ ಸಿಗ್ತದೆ, ನಿಮ್ಮಲ್ಲಿ ಯಾಕೆ ಇಷ್ಟು?” ಎಂದು ಚೌಕಾಸಿ ಮಾಡುತ್ತಿದ್ದ. ಅಂಗಡಿಯ ಯಜಮಾನರು ಸಿಟ್ಟಾಗಲಿಲ್ಲ. “ಅಲ್ಲೇ ತರಿಸ್ಕೋ ತಮ್ಮಾ. ಹೋದ ತಿಂಗಳು ಒಯ್ದದ್ದು ಇಷ್ಟು ಬೇಗ ಖಾಲಿಯಾಯ್ತಾ? ಏನಕ್ಕೆ ಹೊಡೀತಾ ಇದ್ದೀಯ?” ಎಂದರು. ತರುಣ ಉತ್ತರಿಸದೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಬೆಲೆಯ ವಿಷಯದಲ್ಲಿ ಆ ತರುಣನ ಮಾತು ಸುಳ್ಳಲ್ಲ. ಸಣ್ಣ ಪೇಟೆಯ ವ್ಯಾಪಾರಿ ಸಗಟು ಮಾರಾಟಗಾರನಿಂದ ಹತ್ತಿಪ್ಪತ್ತು ಡಬ್ಬಿಗಳನ್ನಷ್ಟೇ ತರಿಸುತ್ತಾನೆ. ಸಾಗಾಟ, ಬಾಡಿಗೆ, ತಿಂಗಳುಗಟ್ಟಲೆ ಮಾರಾಟವಾಗದೆ ಉಳಿಯುವ ಮಾಲು ಎಲ್ಲವೂ ಬೆಲೆಗೆ ಸೇರುತ್ತವೆ. ಅಂತರ್ಜಾಲದ ಮಾರಾಟಗಾರನಿಗೆ ಈ ಹೊರೆಗಳು ಕಡಿಮೆ. ಆದರೆ ಅಲ್ಲಿಯೂ ಒಂದು ಸೂಕ್ಷ್ಮವಿದೆ. 0.177 ಅಂಗುಲದ ಒಂದು ಗುಂಡು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಐನೂರು ಗುಂಡುಗಳ ಒಂದು ಡಬ್ಬಿ ಎಂದರೆ ಕಾಲು ಕಿಲೋ ಸೀಸ. ಒಂದೇ ಡಬ್ಬಿ ತರಿಸಿದರೆ ಸಾಗಾಟದ ವೆಚ್ಚವೇ ಉಳಿತಾಯವನ್ನು ನುಂಗಿಬಿಡುತ್ತದೆ. ಹಾಗಾಗಿ ಗಿರಾಕಿ ನಾಲ್ಕು ಡಬ್ಬಿ ತರಿಸುತ್ತಾನೆ. ಗುಂಡೊಂದಕ್ಕೆ ಕೆಲವು ಪೈಸೆ ಉಳಿಸಲು ಹೊರಟವನ ಮನೆಯಲ್ಲಿ ಎರಡು ಸಾವಿರ ಗುಂಡು, ಒಂದು ಕಿಲೋ ಸೀಸ ಬಂದು ಕೂರುತ್ತದೆ. ಮನೆಯಲ್ಲಿ ರಾಶಿ ಇದ್ದಾಗ ಕೈ ಸುಮ್ಮನಿರುವುದಿಲ್ಲ. ಮಂಗನಿಗೆಂದು ತಂದದ್ದು ಅಳಿಲಿಗೆ, ಪಾರಿವಾಳಕ್ಕೆ, ಕೊನೆಗೆ ಗುರಿ ಪರೀಕ್ಷೆಗೆಂದು ಯಾವುದೋ ಕೊಂಬೆಯ ಮೇಲಿನ ಹಕ್ಕಿಗೆ ಖರ್ಚಾಗುತ್ತದೆ.

ಏರ್‌ಗನ್ ನಮ್ಮ ಮನೆಗಳಿಗೆ ಏಕೆ ಬಂತೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಮಂಗಗಳ ಹಿಂಡು ಬಂದು ಹೋದ ತೋಟವನ್ನು ಕಂಡವರಿಗೆ ರೈತನ ಸಂಕಟ ತಿಳಿಯುತ್ತದೆ. ಕೋವಿಗೆ ಪರವಾನಗಿ ಬೇಕು, ಅದರ ನವೀಕರಣಕ್ಕೆ ಅಲೆಯಬೇಕು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಅಂಗುಲಕ್ಕಿಂತ ದೊಡ್ಡ ನಳಿಗೆಯಿಲ್ಲದ, 20 ಜೂಲ್‌ಗಿಂತ ಹೆಚ್ಚಿನ ಶಕ್ತಿಯಿಲ್ಲದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಸುಲಭವಾದದ್ದನ್ನು ಜನ ಆರಿಸಿಕೊಂಡರು. ಆದರೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಬೇಟೆಗೆ ಅನುಮತಿ ಸಿಕ್ಕಿತೆಂದು ತಿಳಿಯುವುದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಪ್ರಾಣಿಯನ್ನು ಗಾಯಗೊಳಿಸಬಲ್ಲ, ಕೊಲ್ಲಬಲ್ಲ ಯಾವುದೇ ಸಾಧನವನ್ನು ಆಯುಧವೆಂದೇ ಪರಿಗಣಿಸುತ್ತದೆ. ನವಿಲು, ದೊಡ್ಡ ಮಂಗಟ್ಟೆಯಂತಹ ಮೊದಲ ಅನುಸೂಚಿಯ ಜೀವಿಗಳನ್ನು ಕೊಂದರೆ ಕನಿಷ್ಠ ಮೂರು ವರ್ಷಗಳ ಸೆರೆವಾಸವಿದೆ. ಗುಂಡು ಏರ್‌ಗನ್ನಿನದೇ ಆಗಿದ್ದರೂ ಶಿಕ್ಷೆ ಅದೇ.

ಇನ್ನು ಆ ಗುಂಡು ಮಾಡುವ ಕೆಲಸವನ್ನು ನೋಡೋಣ. ಮಂಗನ ಮೈಗೆ ಹೊಕ್ಕ ಗುಂಡು ಸಾಮಾನ್ಯವಾಗಿ ಕೂಡಲೇ ಕೊಲ್ಲುವುದಿಲ್ಲ. ಗಾಯ ಕೀವಾಗಿ, ಪ್ರಾಣಿ ದಿನಗಟ್ಟಲೆ ನರಳುತ್ತದೆ. ಹಿಂಡು ಮಾತ್ರ ಮತ್ತೆ ತೋಟಕ್ಕೆ ಬರುತ್ತದೆ. ಹಕ್ಕಿಗಳ ಕಥೆ ಇನ್ನೂ ಕ್ರೂರ. ಪಶ್ಚಿಮ ಘಟ್ಟದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ ಮಲಬಾರಿನ ಬೂದು ಮಂಗಟ್ಟೆಯನ್ನೇ ತೆಗೆದುಕೊಳ್ಳಿ. ಬೇಸಿಗೆಗೆ ಮೊದಲು ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಕೊಕ್ಕು ಹಿಡಿಸುವಷ್ಟೇ ಸೀಳು ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಒಳಗೆ ರೆಕ್ಕೆಯ ಗರಿಗಳನ್ನು ಉದುರಿಸಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಗಂಡು ತರುವ ಹಣ್ಣೇ ಆಹಾರ. ಅತ್ತಿ, ಆಲದ ಮರದಲ್ಲಿ ಹಣ್ಣು ಕೀಳುತ್ತಿರುವ ಆ ಗಂಡನ್ನು ಹೊಡೆದವನಿಗೆ ಕಾಣುವುದು ಒಂದು ಹಕ್ಕಿ ಮಾತ್ರ. ಪೊಟರೆಯೊಳಗೆ ಕಾದು ಕುಳಿತ ಸಂಸಾರ ಅವನ ಕಣ್ಣಿಗೆ ಬೀಳುವುದಿಲ್ಲ. ಒಂದು ರೂಪಾಯಿಯೂ ಬಾಳದ ಗುಂಡು ಒಂದು ಗೂಡನ್ನೇ ಮುಗಿಸುತ್ತದೆ. ಬೀಜ ಬಿತ್ತುವ ಹಕ್ಕಿ ಹೋದ ಕಾಡಿನಲ್ಲಿ ಮರಗಳ ಮುಂದಿನ ತಲೆಮಾರನ್ನು ಬಿತ್ತುವವರು ಯಾರು?

ಗುರಿ ತಪ್ಪಿದ ಗುಂಡೂ ಮಾಯವಾಗುವುದಿಲ್ಲ. ಸೀಸ ಮಣ್ಣಿನಲ್ಲಿ ಉಳಿಯುತ್ತದೆ. ಮಕ್ಕಳ ಮೆದುಳಿಗೆ ಅದು ವಿಷವೆಂಬ ಕಾರಣದಿಂದಲೇ 2000ದಲ್ಲಿ ನಮ್ಮ ದೇಶದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತಿತು. ಹರಳೆಂದು ಸೀಸ ನುಂಗಿ ಸಾಯುವ ನೀರುಹಕ್ಕಿಗಳ ಕಾರಣಕ್ಕೆ ಐರೋಪ್ಯ ಒಕ್ಕೂಟವು 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರ್ರೆಯ ಬಳಕೆಯನ್ನು ನಿಷೇಧಿಸಿತು. ನಾವು ಅದನ್ನೇ ಹಳ್ಳದ ದಂಡೆಗೆ, ತೋಟದ ಮಣ್ಣಿಗೆ ಎರಚುತ್ತಿದ್ದೇವೆ. ಹೊಡೆದ ಹಕ್ಕಿಯನ್ನು ಬೇಯಿಸಿದ ಮನೆಯಲ್ಲಿ ಅದರ ಚೂರು ಮಗುವಿನ ತಟ್ಟೆಗೂ ಬರಬಹುದು.

ಗುರಿ ಕ್ರೀಡೆಗೆ ಗುಂಡು ಬೇಡವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಖಂಡಿತ ಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿಯೇ. ಅಲ್ಲಿ ಬಳಸುವುದು ಕಾಗದದಲ್ಲಿ ದುಂಡಗೆ ತೂತು ಕೊರೆಯುವ ಚಪ್ಪಟೆ ತಲೆಯ ಗುಂಡು. ಹೊಡೆದ ಗುಂಡುಗಳೆಲ್ಲ ಗುರಿಯ ಹಿಂದಿನ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಚೂಪು ತಲೆಯ ಗುಂಡನ್ನು ಜೇಬಿಗೆ ಹಾಕಿಕೊಂಡು ಸಂಜೆ ಕಾಡಂಚಿಗೆ ಹೊರಡುವುದು ಕ್ರೀಡೆಯಲ್ಲ.

ಸ್ಥಳೀಯ ಅಂಗಡಿಯವರೆಲ್ಲ ಪರಿಸರಪ್ರೇಮಿಗಳೆಂದು ನಾನು ಹೇಳುತ್ತಿಲ್ಲ. ಕೇಳದೆ ಮಾರುವವರೂ ಇದ್ದಾರೆ. ಆದರೆ ಕೇಳುವ ಸಾಧ್ಯತೆ ಅಲ್ಲಿ ಮಾತ್ರವಿದೆ. ಅವರಿಗೆ ಗಿರಾಕಿಯ ಮುಖ ಗೊತ್ತು, ಮನೆ ಗೊತ್ತು, ತಂದೆಯ ಹೆಸರು ಗೊತ್ತು. ಮನೆ ಬಾಗಿಲಿಗೆ ಬರುವ ಪೊಟ್ಟಣ ಯಾವ ಪ್ರಶ್ನೆಯನ್ನೂ ಕೇಳದು. ಅಂಗಡಿಯಲ್ಲಿ ತೆರುವ ಆ ಹೆಚ್ಚಿನ ಹತ್ತಿಪ್ಪತ್ತು ರೂಪಾಯಿಯಲ್ಲಿ ಊರಿನ ಒಂದು ಕಣ್ಣಿನ ಕಾವಲೂ ಸೇರಿದೆ ಎಂದು ನನಗನ್ನಿಸುತ್ತದೆ.

ಆದ್ದರಿಂದ ಕೆಲವು ಸಲಹೆಗಳನ್ನು ಓದುಗರ ಮುಂದಿಡುತ್ತೇನೆ. ಗುಂಡು ಮಾರುವ ಅಂಗಡಿಗಳು ಕೊಂಡವರ ಹೆಸರನ್ನೂ ಪ್ರಮಾಣವನ್ನೂ ಪುಸ್ತಕದಲ್ಲಿ ಬರೆದಿಡಲಿ, ಮಕ್ಕಳ ಕೈಗೆ ಕೊಡದಿರಲಿ. ಅಂತರ್ಜಾಲದ ಮಾರಾಟಕ್ಕೂ ಅದೇ ಶಿಸ್ತು ಬೇಕೆಂದು ನಾವು ಸರಕಾರವನ್ನು ಒತ್ತಾಯಿಸೋಣ. ಮಂಗನ ಹಾವಳಿಯ ಬೆಳೆನಷ್ಟಕ್ಕೆ ನ್ಯಾಯವಾದ ಪರಿಹಾರವನ್ನು ಅಷ್ಟೇ ಗಟ್ಟಿಯಾಗಿ ಕೇಳೋಣ. ರೈತನ ಕೈ ಬರಿದಾಗಿಸಿ ಅಹಿಂಸೆ ಬೋಧಿಸುವುದು ಅನ್ಯಾಯ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಈ ವಿಷಯವನ್ನು ಗ್ರಾಮಸಭೆಗೆ ತರಲಿ.

ಇದು ಆಗದ ಮಾತೆನ್ನುವವರು ಇನ್ನೊಂದು ಬೆಟ್ಟನಾಡಿನತ್ತ ನೋಡಬೇಕು. ಬೇಟೆಯೇ ಸಂಪ್ರದಾಯವಾಗಿದ್ದ ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭವಾಯಿತು. ಒಂದು ವರ್ಷ ತುಂಬುವ ಮೊದಲೇ 1,600ಕ್ಕೂ ಹೆಚ್ಚು ಏರ್‌ಗನ್‌ಗಳನ್ನು ಜನರು ಸ್ವಇಚ್ಛೆಯಿಂದ ತಂದೊಪ್ಪಿಸಿದರು. ಅಲ್ಲಿಯ ಹಳ್ಳಿಗರಿಗೆ ಸಾಧ್ಯವಾದದ್ದು ನಮಗೇಕೆ ಆಗದು?

ಅಂಗಡಿಯಿಂದ ಹೊರಟುಹೋದ ಆ ತರುಣ ಕೆಟ್ಟವನಲ್ಲ. ಊರಿನ ಕೆಲಸಕ್ಕೆ ಮೊದಲು ಬರುವ ಹುಡುಗ. ಅಂದು ಅವನು ಉತ್ತರ ಕೊಡಲಾರದೆ ಹೋದ ಪ್ರಶ್ನೆ ಅವನೊಬ್ಬನದೇ ಆಗಬಾರದು. ಮನೆಯಲ್ಲಿ ಏರ್‌ಗನ್ ಇರುವ ಪ್ರತಿಯೊಬ್ಬರೂ ಮುಂದಿನ ಡಬ್ಬಿ ಕೊಳ್ಳುವ ಮೊದಲು ತಮ್ಮನ್ನೇ ಕೇಳಿಕೊಳ್ಳಲಿ: ಏನಕ್ಕೆ ಹೊಡೆಯುತ್ತಿದ್ದೇನೆ?