ಬೇಡದ ಟೆಸ್ಟಿಗೆ ಕಾರು ಒಯ್ದ ಕಥೆ

ಸಂಚಿಕೆಗೆ ಏನಾದ್ರೂ ಬರೆದುಕೊಡಿ ಅಂತ ಕನ್ನಡ ಸಂಘದ ಜೂನಿಯರ್ಸ್ ಮೆಸೇಜ್ ಮಾಡಿದಾಗ "ಇಂಗ್ಲೆಂಡಿನಲ್ಲಿ ಕನ್ನಡಿಗನ ಬದುಕು" ಥರದ್ದೇನೋ ಬರುತ್ತೆ ಅಂದುಕೊಂಡಿದ್ದರು ಅನ್ಸತ್ತೆ. ಕ್ಷಮಿಸಿ. ಕಳೆದ ಎರಡು ವರ್ಷದ ನನ್ನ ಶನಿವಾರಗಳೆಲ್ಲ ಒಂದು ಹಳೇ ಕಾರಿನ ಕೆಳಗೆ ಅಂಗಾತ ಮಲಗಿಯೇ ಕಳೆದಿವೆ. ಹಾಗಾಗಿ ಅದರ ಬಗ್ಗೆಯೇ ಬರೀತೀನಿ. ಇದರಲ್ಲಿ ನನ್ನದೊಂದು ತಕರಾರೂ ಇದೆ. ನೀವು ಒಪ್ಪದಿದ್ರೆ ಕೆಳಗೆ ಕಾಮೆಂಟ್ ಹಾಕಿ, ಜಗಳ ಆಡೋಣ.

ಕಾರು ಎಂಜಿಬಿ, 1972ರ ಮಾಡೆಲ್, ಎರಡು ಸೀಟಿನ ರೋಡ್‌ಸ್ಟರ್. ಈಗ ನಮ್ಮೂರಲ್ಲಿ ಹೆಕ್ಟರ್ ಮಾರುತ್ತಾರಲ್ಲ, ಅದೇ ಎಂಜಿ ಹೆಸರು. ಆದರೆ ಈ ಕಾರಿಗೂ ಅದಕ್ಕೂ ಹೆಸರು ಬಿಟ್ಟು ಬೇರೆ ಸಂಬಂಧ ಇಲ್ಲ. 1962ರಿಂದ 1980ರ ತನಕ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಲ್ಲಿ ಐದು ಲಕ್ಷ ಚಿಲ್ಲರೆ ಕಾರುಗಳನ್ನು ಮಾಡಿದರು. ನಾನು ಕೈ ಹಾಕಿದ್ದು ನಮ್ಮ ಮನೆ ಮಾಲೀಕರ ಕಾರಿಗೆ. ಎಪ್ಪತ್ತು ದಾಟಿದವರು. ಅವರನ್ನ ಹೆಸರು ಹಿಡಿದೇ ಕರೀಬೇಕು, ಇಲ್ಲಿ ಹಾಗೇ. ಆದರೆ ಕನ್ನಡದಲ್ಲಿ ಬರೆಯೋಕೆ ಕೂತ್ರೆ ಬಾಯಿಗೆ ಬರೋದು "ಅಜ್ಜ" ಅಂತಲೇ. ಇರಲಿ.

ಅಜ್ಜನ ಕಾರು ಹದಿನಾಲ್ಕು ವರ್ಷ ಗ್ಯಾರೇಜಿನಲ್ಲಿ ನಿಂತೇ ಇತ್ತು. ನಾನು ಮೆಕ್ಯಾನಿಕಲ್ ಓದಿದವನು ಅಂತ ಗೊತ್ತಾದ ದಿನ ಒಂದು ಮಾತು ಕೇಳಿದರು, "ನಿನಗೆ ವೆಲ್ಡಿಂಗ್ ಬರುತ್ತಾ?" ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಒಂದು ಬಟ್ ಜಾಯಿಂಟ್ ಮಾಡಿ ರೆಕಾರ್ಡ್ ಬರೆದಿದ್ದು ಬಿಟ್ರೆ ನನಗೆ ಏನೂ ಬರ್ತಿರಲಿಲ್ಲ. ಬರುತ್ತೆ ಅಂದೆ.

ಹಳೇ ಕಾರು ಅಂದ ತಕ್ಷಣ ನಮಗೆಲ್ಲ ತಲೆಗೆ ಬರೋದು ಇಂಜಿನ್. ನಿಜ ಹೇಳಬೇಕು ಅಂದ್ರೆ ಎಂಜಿಬಿಯ ಇಂಜಿನ್ ಸುಲಭದ ಭಾಗ. 1798 ಸಿಸಿ, ನಾಲ್ಕು ಸಿಲಿಂಡರ್, ಪುಶ್‌ರಾಡ್, ಎರಡು ಎಸ್‌ಯು ಕಾರ್ಬ್ಯುರೇಟರ್. ರಾಕರ್ ಕವರ್ ಬಿಚ್ಚಿ ಒಂದು ಫೋಟೋ ತೆಗೆದು ಹಾಸನದಲ್ಲಿ ನಮ್ಮ ದೊಡ್ಡಪ್ಪನ ಅಂಬಾಸಿಡರ್ ನೋಡಿಕೊಳ್ಳುತ್ತಿದ್ದ ಗ್ಯಾರೇಜ್ ಸಾಬ್ರಿಗೆ ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಏನ್ ಮರಿ, ಅಷ್ಟು ದೂರ ಹೋಗಿ ಅಂಬಾಸಿಡರ್ ಬಿಚ್ತಾ ಇದೀಯಾ?"

ಅವರು ತಮಾಷೆಗೆ ಅಂದಿದ್ದಲ್ಲ. ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಇದ್ದದ್ದು ಬಿಎಂಸಿಯ ಬಿ-ಸೀರೀಸ್ ಇಂಜಿನ್, 1489 ಸಿಸಿ. ಎಂಜಿಬಿಯಲ್ಲಿ ಇರೋದು ಅದೇ ವಂಶದ ದೊಡ್ಡ ಇಂಜಿನ್. ವಾಲ್ವ್ ಕ್ಲಿಯರೆನ್ಸ್ ಸೆಟ್ ಮಾಡೋದಕ್ಕೆ ಸಾಬ್ರು ಫೋನಿನಲ್ಲೇ "ಒಂಬತ್ತರ ಲೆಕ್ಕ" ಹೇಳಿಕೊಟ್ಟರು. ಎಂಟು ವಾಲ್ವ್‌ಗಳಿಗೆ ಮುಂದಿನಿಂದ ನಂಬರ್ ಹಾಕಿಕೊಳ್ಳಬೇಕು. ಒಂದನೇದು ಪೂರ್ತಿ ತೆರೆದಾಗ ಎಂಟನೇದನ್ನ, ಮೂರನೇದು ತೆರೆದಾಗ ಆರನೇದನ್ನ ಅಡ್ಜಸ್ಟ್ ಮಾಡಬೇಕು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ಅಜ್ಜನ ಹಳೇ ಮ್ಯಾನ್ಯುಯಲ್‌ನಲ್ಲೂ ಅದೇ ಇತ್ತು. ಫೀಲರ್ ಗೇಜ್ 15 ಥೌ, ಅಂದ್ರೆ ಇಂಚಿನ ಸಾವಿರದಲ್ಲಿ ಹದಿನೈದು ಭಾಗ. ಸ್ಪ್ಯಾನರುಗಳೂ ಇಂಚಿನವೇ ಬೇಕು. ಅರ್ಧ ಇಂಚು ಅಂದ್ರೆ 12.7 ಮಿಲಿಮೀಟರ್, 13ರ ಸ್ಪ್ಯಾನರ್ ಕೂರುತ್ತೆ ಅನ್ಸುತ್ತೆ, ಕೂರಲ್ಲ. ಜಂಗು ಹಿಡಿದ ಮೂರು ನಟ್ಟುಗಳ ಮೂಲೆ ತಿಂದ ಮೇಲೆ ನನಗೆ ಈ ಜ್ಞಾನೋದಯ ಆಯ್ತು.

ಎಸ್‌ಯು ಕಾರ್ಬ್ಯುರೇಟರ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಬೈಕಿನ ಸಿವಿ ಕಾರ್ಬ್ ಬಿಚ್ಚಿದವರಿಗೆ ತಕ್ಷಣ ಅರ್ಥ ಆಗುತ್ತೆ. ಇಂಜಿನ್ ಎಷ್ಟು ಗಾಳಿ ಎಳೆಯುತ್ತೋ ಅದಕ್ಕೆ ತಕ್ಕ ಹಾಗೆ ಒಂದು ಪಿಸ್ಟನ್ ತಾನೇ ಮೇಲೇಳುತ್ತೆ. ಅದರ ತುದಿಗೆ ಒಂದು ಚೂಪಾಗುತ್ತಾ ಹೋಗುವ ಸೂಜಿ. ಪಿಸ್ಟನ್ ಎದ್ದಷ್ಟೂ ಜೆಟ್ಟಿನ ಸುತ್ತ ಜಾಗ ಜಾಸ್ತಿ, ಪೆಟ್ರೋಲ್ ಜಾಸ್ತಿ. ಮೇಲೆ ಒಂದು ಡ್ಯಾಂಪರ್, ಅದಕ್ಕೆ ಸ್ವಲ್ಪ ಎಣ್ಣೆ. ಎಣ್ಣೆ ಖಾಲಿಯಾದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಕೆಮ್ಮುತ್ತೆ. ಸೆನ್ಸರ್ ಇಲ್ಲ, ಇಸಿಯು ಇಲ್ಲ, ಬರೀ ಒತ್ತಡದ ವ್ಯತ್ಯಾಸ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬರ್ನೂಲಿ ಈಕ್ವೇಶನ್ ಬರೆದು ಹತ್ತು ಮಾರ್ಕ್ಸ್ ತಗೊಂಡಿದ್ದೆ. ಅದು ಏನು ಅಂತ ಗೊತ್ತಾಗಿದ್ದು ಈ ಗ್ಯಾರೇಜಿನಲ್ಲಿ.

ಕಷ್ಟ ಇರೋದು ತುಕ್ಕಿನಲ್ಲಿ. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ರೋಡ್‌ಸ್ಟರ್ ಆದ್ದರಿಂದ ತಲೆ ಮೇಲೆ ಛಾವಣಿಯೂ ಇಲ್ಲ. ಹಾಗಾದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಕಾರು ಬಾಗದ ಹಾಗೆ ಹಿಡಿದಿರೋದು ಯಾವುದು? ಬಾಗಿಲ ಕೆಳಗಿನ ಸಿಲ್. ಹೊರಗಿನ ಹಾಳೆ, ಒಳಗಿನ ಹಾಳೆ, ಕೆಳಗೆ ಕ್ಯಾಸಲ್ ರೈಲ್ ಅನ್ನೋ ಮಡಿಕೆ, ಎಲ್ಲ ಸೇರಿ ಒಂದು ಮುಚ್ಚಿದ ಪೆಟ್ಟಿಗೆ. ಮುಚ್ಚಿದ ಸೆಕ್ಷನ್‌ಗೂ ಸೀಳಿದ ಸೆಕ್ಷನ್‌ಗೂ ತಿರುಚುವಾಗ ಎಷ್ಟು ವ್ಯತ್ಯಾಸ ಅಂತ ಎಸ್‌ಓಎಂನಲ್ಲಿ ಓದಿದೀರಲ್ಲ, ಅದೇ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕ್ತಾರೆ. ಉಪ್ಪು ನೀರು ಆ ಪೆಟ್ಟಿಗೆಯೊಳಗೆ ಹೋಗಿ ಕೂತ್ಕೊಂಡು ಒಳಗಿನಿಂದ ತಿನ್ನುತ್ತೆ. ಹೊರಗೆ ಪೇಂಟು ಫಳಫಳ.

ನಮ್ಮ ಕಾರಿನಲ್ಲಿ ಹಿಂದೆ ಯಾವಾಗಲೋ ಯಾರೋ ಕೊಳೆತ ಸಿಲ್ ಮೇಲೆಯೇ ಇನ್ನೊಂದು ಹಾಳೆ ಮುಚ್ಚಿ ವೆಲ್ಡ್ ಮಾಡಿ ಫಿಲ್ಲರ್ ಮೆತ್ತಿ ಪೇಂಟ್ ಹೊಡೆದಿದ್ದರು. ಅಜ್ಜ ಸ್ಕ್ರೂಡ್ರೈವರ್ ತಗೊಂಡು ಮೆಲ್ಲಗೆ ತಟ್ಟುತ್ತಾ ಹೋದರು. ಒಂದು ಕಡೆ ಟಣ್ ಅಂತು, ಒಂದು ಕಡೆ ಡಬ್ ಅಂತು. ಡಬ್ ಅಂದ ಕಡೆ ಒತ್ತಿದರೆ ಸ್ಕ್ರೂಡ್ರೈವರ್ ಹಿಡಿಯವರೆಗೆ ಒಳಗೆ. ಇಂಥದ್ದನ್ನ ಕತ್ತರಿಸೋ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಬ್ರೇಸ್ ಹಾಕಿಕೊಳ್ಳಬೇಕು. ಇಲ್ಲದಿದ್ರೆ ಕಾರು ನಡುವಲ್ಲಿ ಕುಸಿಯುತ್ತೆ, ಆಮೇಲೆ ಬಾಗಿಲು ಜನ್ಮದಲ್ಲಿ ಮುಚ್ಚಲ್ಲ. ಎರಡೂ ಕಡೆ ಸಿಲ್ ಮುಗಿಸೋಕೆ ನಮಗೆ ಏಳು ತಿಂಗಳು ಹಿಡೀತು. ಈ ಕಾರಿಗೆ ಬಿಡಿಭಾಗದ ಬರ ಇಲ್ಲ ಅನ್ನೋದೇ ಪುಣ್ಯ. ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಹಳೇ ಡೈಗಳನ್ನೇ ಬಳಸಿ ಎಂಜಿಬಿಯ ಪೂರ್ತಿ ಬಾಡಿಶೆಲ್ಲನ್ನೇ ಹೊಸದಾಗಿ ಮಾಡಿ ಮಾರ್ತಾರೆ. ಅಷ್ಟು ದುಡ್ಡು ನಮ್ಮ ಹತ್ತಿರ ಇರ್ಲಿಲ್ಲ ಅಷ್ಟೇ.

ಲ್ಯೂಕಾಸ್ ವೈರಿಂಗ್ ಬಗ್ಗೆ ಇಲ್ಲಿ ಜೋಕುಗಳು ಬಹಳ, "ಕತ್ತಲೆಯ ರಾಜಕುಮಾರ" ಅಂತಲೇ ಆ ಕಂಪನಿಗೆ ಅಡ್ಡಹೆಸರು. ನಮ್ಮ ಕಾರಿನಲ್ಲಿ ತೊಂದರೆ ಎಲ್ಲ ಅರ್ಥ್ ಪಾಯಿಂಟುಗಳದ್ದು. ಉಜ್ಜಿ ಗ್ರೀಸ್ ಹಚ್ಚಿದ ಮೇಲೆ ದೀಪ ಉರೀತಿವೆ.

ಈಗ ತಕರಾರಿಗೆ ಬರೋಣ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಓಟಿ ಅನ್ನೋ ಟೆಸ್ಟ್ ಇದೆ. ಬ್ರೇಕು, ಟೈರು, ಸ್ಟಿಯರಿಂಗು, ತುಕ್ಕು, ದೀಪ ಎಲ್ಲ ನೋಡ್ತಾರೆ. ನಮ್ಮಲ್ಲಿ ಸ್ವಂತ ಗಾಡಿಗೆ ಹದಿನೈದು ವರ್ಷ ಆದ್ಮೇಲೆ ಆರ್‌ಸಿ ರಿನ್ಯೂ ಮಾಡಿಸುವಾಗ ಎಫ್‌ಸಿ ಅಂತ ಓಡಾಡ್ತೀವಲ್ಲ, ಅದರ ಬಿಗಿಯಾದ ಅಣ್ಣ ಇದು. ಆದರೆ 2018ರ ಮೇ ತಿಂಗಳಿಂದ ನಲವತ್ತು ವರ್ಷ ದಾಟಿದ, ಗಣನೀಯವಾಗಿ ಬದಲಾಯಿಸದ ಕಾರುಗಳಿಗೆ ಈ ಟೆಸ್ಟಿನಿಂದ ವಿನಾಯಿತಿ. ಗಾಡಿ ಸುರಕ್ಷಿತವಾಗಿ ಇರಬೇಕು ಅನ್ನೋ ಕಾನೂನಿನ ಹೊಣೆ ಮಾಲೀಕರದ್ದೇ, ಆದರೆ ನೋಡೋರು ಯಾರೂ ಇಲ್ಲ. ಅಂದ್ರೆ ನಮ್ಮ ಥರ ಗ್ಯಾರೇಜಿನಲ್ಲಿ ಯೂಟ್ಯೂಬ್ ನೋಡಿ ಸಿಲ್ ವೆಲ್ಡ್ ಮಾಡಿ, ಬ್ರೇಕ್ ಪೈಪ್ ಹಾಕಿ, ಸೀದಾ ಮೋಟರ್‌ವೇಗೆ ಹೋಗಬಹುದು. ಇದು ತಪ್ಪು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಹೀಗೆ ಅನ್ನಿಸ್ತಿರಲಿಲ್ಲ. ಕಾರು ಸಿದ್ಧವಾದ ದಿನ ಅಜ್ಜ "ಎಂಓಟಿಗೆ ಬುಕ್ ಮಾಡಿದೀನಿ" ಅಂದಾಗ ನಾನು ವಾದ ಮಾಡಿದೆ. ಬೇಡ ಅಂತ ಸರ್ಕಾರವೇ ಹೇಳಿರುವಾಗ ಐವತ್ತು ಪೌಂಡು ಯಾಕೆ ದಂಡ? ಎಲ್ಲಾನೂ ಟಾರ್ಕ್ ರೆಂಚ್ ಹಾಕಿ ಬಿಗಿ ಮಾಡಿದೀನಿ, ಎರಡು ಸಲ ಚೆಕ್ ಮಾಡಿದೀನಿ. "ನಾನೂ ಮಾಡಿದೀನಿ. ಇಬ್ಬರೂ ಒಂದೇ ಗ್ಯಾರೇಜಿನವರು," ಅಂತಷ್ಟೇ ಹೇಳಿ ಕಾರು ಹತ್ತಿದರು.

ಟೆಸ್ಟ್ ಮಾಡಿದ ಹುಡುಗನಿಗೆ ನನಗಿಂತ ಕಮ್ಮಿ ವಯಸ್ಸು. ಎಂಜಿಬಿ ಮೊದಲು ಕೈಯಲ್ಲಿ ಹಿಡಿದವನಲ್ಲ ಅನ್ನೋದು ಬಾನೆಟ್ ತೆರೆಯೋಕೆ ಅವನು ತಡಕಾಡಿದ್ದರಲ್ಲೇ ಗೊತ್ತಾಯ್ತು. ನನಗೆ ಒಳಗೊಳಗೇ ನಗು. ಆಮೇಲೆ ಕಾರು ಚಕ್ರದ ಮೇಲೆ ನಿಂತಿರುವಾಗ ಸ್ಟಿಯರಿಂಗನ್ನ ಪೂರ್ತಿ ಎಡಕ್ಕೆ ತಿರುಗಿಸಿ, ಪೂರ್ತಿ ಬಲಕ್ಕೆ ತಿರುಗಿಸಿ, ಟಾರ್ಚ್ ಬಿಟ್ಟು ಬಗ್ಗಿ ನೋಡಿದ. ನನ್ನನ್ನ ಕರೆದ. ಮುಂದಿನ ಬಲ ಚಕ್ರದ ಬ್ರೇಕ್ ಹೋಸ್ ಟೈರಿಗೆ ತಾಗುತ್ತಿತ್ತು. ಗ್ಯಾರೇಜಿನಿಂದ ಟೆಸ್ಟ್ ಸ್ಟೇಷನ್‌ಗೆ ಆರೇ ಮೈಲಿ, ಅಷ್ಟರಲ್ಲಿ ರಬ್ಬರ್ ಮೇಲೆ ಒಂದು ಹೊಳೆಯುವ ಗೆರೆ ಬಿದ್ದಿತ್ತು. ಫೇಲ್.

ಆ ಹೋಸ್ ಹಾಕಿದ್ದು ನಾನು. ತಪ್ಪು ಎಲ್ಲಾಯ್ತು ಅಂತ ಆಮೇಲೆ ಗೊತ್ತಾಯ್ತು. ಹೋಸಿನ ಒಂದು ತುದಿಯನ್ನ ಕ್ಯಾಲಿಪರ್‌ಗೆ ಬಿಗಿ ಮಾಡಿ, ಇನ್ನೊಂದು ತುದಿಯನ್ನ ಬ್ರಾಕೆಟ್‌ನಲ್ಲಿ ತೂರಿಸಿ ಲಾಕ್‌ನಟ್ ಹಾಕಬೇಕು. ಲಾಕ್‌ನಟ್ ತಿರುಗಿಸುವಾಗ ಹೋಸಿನ ಷಡ್ಭುಜದ ಭಾಗಕ್ಕೆ ಇನ್ನೊಂದು ಸ್ಪ್ಯಾನರ್ ಕೊಟ್ಟು ಹಿಡಿದಿರಬೇಕು. ನಾನು ಹಿಡಿದಿರಲಿಲ್ಲ. ನಟ್ಟಿನ ಜೊತೆ ಹೋಸೂ ಕಾಲು ಸುತ್ತು ತಿರುಗಿ ಹೊರಕ್ಕೆ ಉಬ್ಬಿಕೊಂಡಿತ್ತು. ನಾನು ಎರಡು ಸಲ ಚೆಕ್ ಮಾಡಿದ್ದು ನಿಜ. ಆದರೆ ಎರಡೂ ಸಲ ಕಾರು ಸ್ಟ್ಯಾಂಡಿನ ಮೇಲಿತ್ತು, ಚಕ್ರ ನೇತಾಡ್ತಿತ್ತು, ಸ್ಟಿಯರಿಂಗ್ ನೇರ ಇತ್ತು. ಆ ಸ್ಥಿತಿಯಲ್ಲಿ ಹೋಸ್‌ಗೂ ಟೈರಿಗೂ ಬೇಕಾದಷ್ಟು ಜಾಗ. ಕಾರಿನ ಭಾರ ಬಿದ್ದು ಸಸ್ಪೆನ್ಷನ್ ಕೂತು, ಚಕ್ರ ಪೂರ್ತಿ ತಿರುಗಿದಾಗ ಮಾತ್ರ ಅದು ತಾಗೋದು.

ಇದರಲ್ಲಿ ಇನ್ನೊಂದು ವಿಷಯ. ಈಗಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಸರ್ಕ್ಯೂಟ್. ಒಂದು ಹೋದರೆ ಇನ್ನೊಂದು ಉಳಿಯುತ್ತೆ. ಅಜ್ಜನ ಕಾರಿನಲ್ಲಿ ಇರೋದು ಒಂದೇ. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು, ಪೆಡಲ್ ನೆಲ ಮುಟ್ಟುತ್ತೆ, ಉಳಿಯೋದು ಹ್ಯಾಂಡ್‌ಬ್ರೇಕ್. ಮುಂದಿನ ಭಾನುವಾರ ಆ ಕಾರಿನಲ್ಲಿ ಅಜ್ಜ ತಮ್ಮ ಎಂಟು ವರ್ಷದ ಮೊಮ್ಮಗಳನ್ನ ಕೂರಿಸಿಕೊಂಡು ಹೋಗೋದಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ವಿನಾಯಿತಿ ಪರವಾಗಿ ಇರೋರ ವಾದ ನನಗೆ ಗೊತ್ತು. ಹಳೇ ಕಾರಿನ ಮಾಲೀಕರು ಮಕ್ಕಳ ಥರ ನೋಡಿಕೊಳ್ತಾರೆ, ವರ್ಷಕ್ಕೆ ಸ್ವಲ್ಪವೇ ಓಡಿಸ್ತಾರೆ, ಈಗಿನ ಟೆಸ್ಟರ್‌ಗಳಿಗೆ ಈ ಕಾರು ಗೊತ್ತಿಲ್ಲ. ಮೊದಲನೇದು ನನ್ನ ವಿಷಯದಲ್ಲೂ ನಿಜ, ನಾನೂ ಬಹಳ ಪ್ರೀತಿಯಿಂದಲೇ ಆ ಹೋಸ್ ಹಾಕಿದ್ದು. ಎರಡನೇದು ಅರ್ಧ ಸತ್ಯ. ನಿಂತ ಕಾರೂ ಹಾಳಾಗುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ವ್ಹೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ಟೈರಿನ ಗೀರು ಹೊಸದರ ಹಾಗೆ ಇದ್ದರೂ ಪಕ್ಕದ ರಬ್ಬರ್ ಬಿರುಕು ಬಿಡುತ್ತೆ. ಪೆಟ್ರೋಲಿಗೆ ಎಥನಾಲ್ ಬಂದ ಮೇಲಂತೂ ಹಳೇ ರಬ್ಬರ್ ಪೈಪುಗಳ ಕಥೆ ಕೇಳಲೇಬೇಡಿ. ಇಲ್ಲಿ ಇ10ಕ್ಕೇ ಒದ್ದಾಡ್ತಿದೀವಿ, ನಮ್ಮೂರಲ್ಲಿ ಇ20. ಮೂರನೇ ವಾದಕ್ಕೆ ಉತ್ತರ ಆ ಹುಡುಗ. ಅವನಿಗೆ ಎಂಜಿಬಿ ಗೊತ್ತಿರಲಿಲ್ಲ, ಹೋಸ್ ಟೈರಿಗೆ ತಾಗಬಾರದು ಅನ್ನೋದು ಗೊತ್ತಿತ್ತು.

ನಮ್ಮ ಕಾಲೇಜಿನ ಬಾಹಾ ಟೀಮಿನವರಿಗೆ ಇದು ಹೊಸದಲ್ಲ. ಟೆಕ್ ಇನ್ಸ್‌ಪೆಕ್ಷನ್‌ನಲ್ಲಿ ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಲಾಕ್ ಆಗದಿದ್ರೆ ನಿಮ್ಮನ್ನ ಟ್ರ್ಯಾಕಿಗೆ ಬಿಡಲ್ಲ. ನಾವು ಎರಡನೇ ವರ್ಷದಲ್ಲಿ ಜಡ್ಜ್‌ಗಳನ್ನ ಬೈದುಕೊಂಡು ರಾತ್ರಿಯಿಡೀ ಬ್ಲೀಡಿಂಗ್ ಮಾಡಿದ್ದು ನೆನಪಿದೆ. ಈಗ ಅವರ ಮೇಲೆ ಸಿಟ್ಟಿಲ್ಲ. ನಿಮ್ಮಲ್ಲಿ ಕೆಲವರು ಅಪ್ಪನ ಆರ್‌ಎಕ್ಸ್ 100, ತಾತನ ಲ್ಯಾಂಬ್ರೆಟಾ ರೆಡಿ ಮಾಡ್ತಿದೀರಿ ಅಂತ ಇನ್‌ಸ್ಟಾದಲ್ಲಿ ನೋಡ್ತಿರ್ತೀನಿ. ಟ್ಯಾಂಕಿಗೆ ಪೇಂಟ್ ಹೊಡೆದ ಫೋಟೋ ಇಪ್ಪತ್ತು, ಬ್ರೇಕ್ ಶೂ ಫೋಟೋ ಒಂದೂ ಇಲ್ಲ. ಗಾಡಿ ಬೀದಿಗೆ ಇಳಿಸೋ ಮೊದಲು, ಅದಕ್ಕೆ ಕೈ ಹಾಕದ ಯಾರಾದ್ರೂ ಒಬ್ಬರಿಂದ ನೋಡಿಸಿ. ಮೂಲೆ ಗ್ಯಾರೇಜಿನ ಅಣ್ಣ ಆದ್ರೂ ಸರಿ. ಅವನು ನಕ್ಕರೆ ನಗಲಿ.

ಹೊಸ ಹೋಸ್ ಹಾಕಿ, ಈ ಸಲ ಎರಡು ಸ್ಪ್ಯಾನರ್ ಹಿಡಿದು, ಕಾರು ನೆಲದ ಮೇಲೆ ಇಳಿಸಿ, ಸ್ಟಿಯರಿಂಗ್ ಎರಡೂ ತುದಿಗೆ ತಿರುಗಿಸಿ ನೋಡಿ, ಮತ್ತೆ ಟೆಸ್ಟಿಗೆ ಒಯ್ದೆವು. ಪಾಸಾಯ್ತು. ಹಿಂದಿನ ಎಡ ಟೈರು ಹಳೇದಾಗಿದೆ ಅಂತ ಒಂದು ಸಾಲು ಬರೆದುಕೊಟ್ಟ. ಅಜ್ಜ ಆ ಕಾಗದವನ್ನ ಗ್ಯಾರೇಜಿನ ಗೋಡೆಗೆ ಅಂಟಿಸಿದಾರೆ, ಮೊದಲ ಸಲದ ಫೇಲ್ ಕಾಗದದ ಪಕ್ಕದಲ್ಲೇ. ತೆಗೀರಿ ಅಂದ್ರೆ ತೆಗೆಯಲ್ಲ. ಈ ವಾರ ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಸೋರೋಕೆ ಶುರುವಾಗಿದೆ, ಶನಿವಾರ ಅದರ ಕೆಲಸ.